ತಾಯಿ ಮಗನ ಎರಡು ಪಟಗಳು

2009ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಅಮೆರಿಕದ ಫಿಲಡೆಲ್ಫಿಯ ನಗರದ ಕಲಾಸಂಗ್ರಹಾಲಯದಲ್ಲಿ ಒಂದು ಚಿತ್ರಪ್ರದರ್ಶನ ತೆರೆಯಿತು. ಚಿತ್ರಕಾರನ ಹೆಸರು ಆರ್ಷಿಲ್ ಗೋರ್ಕಿ. ಆತ ತೀರಿಕೊಂಡು ಆ ವೇಳೆಗೆ ಅರುವತ್ತೊಂದು ವರ್ಷಗಳಾಗಿದ್ದುವು. ವರ್ಣಚಿತ್ರ, ರೇಖಾಚಿತ್ರ ಎಲ್ಲ ಸೇರಿ ಸುಮಾರು 180 ಕೃತಿಗಳು ಅಲ್ಲಿದ್ದುವು. ಪ್ರದರ್ಶನ ಮರುವರ್ಷ ಲಂಡನ್ನಿನ ಟೇಟ್ ಮಾಡರ್ನ್ ಸಂಗ್ರಹಾಲಯಕ್ಕೂ ಅಲ್ಲಿಂದ ಲಾಸ್ ಏಂಜಲೀಸಿಗೂ ಹೋಯಿತು. ಇಷ್ಟು ಕೃತಿಗಳ ನಡುವೆ ಎರಡು ಪಟಗಳನ್ನು ನಿಮ್ಮ ಮುಂದೆ ಇಡಬೇಕೆಂದು ನನ್ನ ಆಸೆ. ಒಂದು ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯದ್ದು, ಇನ್ನೊಂದು ವಾಷಿಂಗ್ಟನ್ನಿನ ರಾಷ್ಟ್ರೀಯ ಚಿತ್ರಶಾಲೆಯದು. ಎರಡಕ್ಕೂ ಹೆಸರು ಒಂದೇ: 'ಚಿತ್ರಕಾರ ಮತ್ತು ಅವನ ತಾಯಿ'. ಎರಡರ ಅಳತೆಯೂ ಹೆಚ್ಚು ಕಡಿಮೆ ಒಂದೇ, ಐದು ಅಡಿ ಎತ್ತರ, ನಾಲ್ಕು ಅಡಿಗೆ ಮಿಕ್ಕ ಅಗಲ. ಎರಡನ್ನೂ ಆತ ಆರಂಭಿಸಿದ್ದು 1926ರ ಸುಮಾರಿನಲ್ಲಿ. ಒಂದನ್ನು ಹತ್ತು ವರ್ಷಗಳ ಮೇಲೆ ಬಿಟ್ಟ. ಮತ್ತೊಂದನ್ನು 1942ರ ಸುಮಾರಿಗೂ ತಿದ್ದುತ್ತಲೇ ಇದ್ದ. ಒಬ್ಬ ಮನುಷ್ಯ ತನ್ನ ತಾಯಿಯ ಚಿತ್ರವನ್ನು ಬರೆಯಲು ಹದಿನಾರು ವರ್ಷ ತೆಗೆದುಕೊಳ್ಳುವುದೆಂದರೇನು? ಈ ಮಾತೆಲ್ಲ ಆ ಪ್ರಶ್ನೆಯ ಸುತ್ತ.

ಮೊದಲು ಒಂದು ಛಾಯಾಚಿತ್ರದ ವಿಷಯ ಹೇಳಬೇಕು. ಅದನ್ನು ತೆಗೆಸಿದ್ದು 1912ರಲ್ಲಿ, ಅಂದಿನ ಒಟ್ಟೊಮನ್ ತುರ್ಕಿ ಸಾಮ್ರಾಜ್ಯದ ಪೂರ್ವ ಅಂಚಿನಲ್ಲಿದ್ದ ವಾನ್ ಪಟ್ಟಣದಲ್ಲಿ. ತಾಯಿ ಕುಳಿತಿದ್ದಾಳೆ. ತಲೆಯ ಮೇಲೆ ಹೊದೆದ ವಸ್ತ್ರ, ಎದೆಯಿಂದ ಪಾದದ ಕಡೆಗೆ ಇಳಿದ ಹೂಬಳ್ಳಿಯ ಏಪ್ರನ್, ಮಡಿಲಲ್ಲಿ ಎರಡು ಕೈ. ಪಕ್ಕದಲ್ಲಿ ಎಂಟು ಹತ್ತು ವರ್ಷದ ಹುಡುಗ, ಒಳ್ಳೆಯ ಕೋಟು ತೊಟ್ಟು, ಕೈಯಲ್ಲಿ ಸಣ್ಣದೊಂದು ಹೂಗೊಂಚಲು ಹಿಡಿದು ನಿಂತಿದ್ದಾನೆ. ಇಬ್ಬರ ಮುಖದಲ್ಲೂ ನಗೆಯಿಲ್ಲ. ಅಂದಿನ ಛಾಯಾಚಿತ್ರಗಳಲ್ಲಿ ಯಾರೂ ನಗುತ್ತಿರಲಿಲ್ಲ ಎನ್ನಿ. ನಮ್ಮ ಮನೆಗಳ ಗೋಡೆಯ ಮೇಲಿನ ಹಿರಿಯರನ್ನು ನೋಡಿದರೆ ಸಾಕು. ಆದರೆ ಈ ಚಿತ್ರ ತೆಗೆಸಿದ್ದಕ್ಕೆ ಒಂದು ಕಾರಣವಿತ್ತು. ಹುಡುಗನ ತಂದೆ ಕೆಲವು ವರ್ಷ ಮುಂಚೆ ಅಮೆರಿಕಕ್ಕೆ ಹೊರಟುಹೋಗಿದ್ದ. ಹೆಂಡತಿ ಮಗ ಹೀಗಿದ್ದೇವೆ, ಮರೆಯಬೇಡ ಎಂದು ಅವನಿಗೆ ತಿಳಿಸುವುದಕ್ಕಾಗಿ ಈ ಪಟ ಸಮುದ್ರ ದಾಟಿತು. ಮುಂದೆ ಮನೆ ಹೋಯಿತು, ಊರು ಹೋಯಿತು, ತಾಯಿಯೂ ಹೋದಳು. ಮೊದಲೇ ಹಡಗು ಹತ್ತಿದ್ದ ಕಾಗದದ ತುಂಡು ಮಾತ್ರ ಉಳಿಯಿತು.

ಹುಡುಗನ ನಿಜವಾದ ಹೆಸರು ವೊಸ್ತಾನಿಕ್ ಅದೋಯಾನ್. ತಾಯಿ ಶುಷಾನ್. ಊರು ವಾನ್ ಸರೋವರದ ದಂಡೆಯ ಖೋರ್ಕೋಮ್ ಎಂಬ ಹಳ್ಳಿ. ಹುಟ್ಟಿದ ವರ್ಷ 1902 ಎನ್ನುವವರುಂಟು, 1904 ಎನ್ನುವವರೂ ಉಂಟು. ಆತನೇ ಒಂದೊಂದು ಸಲ ಒಂದೊಂದು ವರ್ಷ ಹೇಳಿದ್ದಾನೆ. ಜನ ಆರ್ಮೇನಿಯನರು, ಕ್ರೈಸ್ತರು. ಆರ್ಮೇನಿಯನರೆಂದರೆ ನಮಗೆ ತೀರ ಅಪರಿಚಿತರೇನೂ ಅಲ್ಲ. ಮದರಾಸಿನ ಆರ್ಮೇನಿಯನ್ ಬೀದಿಯನ್ನು ನೋಡಿದವರು ನಿಮ್ಮಲ್ಲಿ ಅನೇಕರಿರಬೇಕು. ಆರ್ಮೇನಿಯನ್ ಭಾಷೆಯ ಮೊತ್ತಮೊದಲ ಪತ್ರಿಕೆ ಅಚ್ಚಾದದ್ದು ಆ ಮದರಾಸಿನಲ್ಲಿಯೇ, 1794ರಲ್ಲಿ; ಅದನ್ನು ಹೊರಡಿಸಿದವನು ಅಲ್ಲಿಯ ಒಬ್ಬ ಪಾದ್ರಿ. ತಮ್ಮ ನೆಲದಿಂದ ಸಾವಿರಾರು ಮೈಲಿ ದೂರದಲ್ಲಿ ತಮ್ಮ ಲಿಪಿಯ ಮೊಳೆಗಳನ್ನು ಜೋಡಿಸಿಕೊಂಡು ಕುಳಿತವರು ಅವರು. ಈ ಜನಕ್ಕೆ ಪರದೇಶವಾಸ ಹಳೆಯ ಅಭ್ಯಾಸ. ಆದರೆ ವ್ಯಾಪಾರಕ್ಕೆಂದು ಊರು ಬಿಡುವುದು ಬೇರೆ, ಹೊರಗಟ್ಟಿಸಿಕೊಂಡು ಬಿಡುವುದು ಬೇರೆ.

1915ರಲ್ಲಿ ಒಟ್ಟೊಮನ್ ಸರ್ಕಾರ ತನ್ನ ಆರ್ಮೇನಿಯನ್ ಪ್ರಜೆಗಳನ್ನು ಊರೂರಿನಿಂದ ಎಬ್ಬಿಸಿ ಹೊರಡಿಸಿತು. ಕೊಲೆ, ಹಸಿವು, ದಾರಿಯ ಬವಣೆಗಳಿಂದ ಸತ್ತವರ ಸಂಖ್ಯೆ ಸುಮಾರು ಹತ್ತು ಲಕ್ಷ, ಅಥವಾ ಅದಕ್ಕೂ ಹೆಚ್ಚು ಎಂಬುದು ಬಹುಪಾಲು ಇತಿಹಾಸಕಾರರ ಎಣಿಕೆ. ಅವರು ಇದನ್ನು ಜನಾಂಗಹತ್ಯೆ ಎಂದು ಕರೆಯುತ್ತಾರೆ. ತುರ್ಕಿ ಸರ್ಕಾರ ಇಂದಿಗೂ ಆ ಹೆಸರನ್ನು ಒಪ್ಪಿಲ್ಲ. ವಾನ್ ಪಟ್ಟಣದ ಆರ್ಮೇನಿಯನರು ಆ ವಸಂತದಲ್ಲಿ ತಮ್ಮ ಕೇರಿಗಳಿಗೆ ಅಡ್ಡಗಟ್ಟಿಕೊಂಡು ಕಾದಾಡಿದರು. ರಷ್ಯದ ಸೇನೆ ಬಂದು ಬಿಡಿಸಿತು. ಬೇಸಗೆಯಲ್ಲಿ ಅದೇ ಸೇನೆ ಹಿಂದಕ್ಕೆ ಹೋಯಿತು. ಜನ ಅದರ ಹಿಂದೆ ನಡೆದರು. ಶುಷಾನ್ ಮಕ್ಕಳನ್ನು ಕಟ್ಟಿಕೊಂಡು ಗಡಿ ದಾಟಿ ಎರೆವಾನ್ ನಗರವನ್ನು ತಲಪಿದಳು. ಅಲ್ಲಿ ನಾಲ್ಕು ವರ್ಷ. ಊರೆಲ್ಲ ನಿರಾಶ್ರಿತರು, ಊರೆಲ್ಲ ಕ್ಷಾಮ. 1919ರ ಮಾರ್ಚ್ ತಿಂಗಳಲ್ಲಿ ಆಕೆ ಹಸಿವಿನಿಂದ ಸತ್ತಳು. ಮಗನೂ ಕಿರಿಯ ಮಗಳು ವಾರ್ತುಷಳೂ ಹತ್ತಿರವಿದ್ದರು. ಮರುವರ್ಷ ಅಣ್ಣತಂಗಿ ಇಬ್ಬರೂ ಹೇಗೋ ಅಮೆರಿಕದ ಹಡಗು ಹಿಡಿದು ನ್ಯೂಯಾರ್ಕಿನ ಎಲ್ಲಿಸ್ ಐಲೆಂಡಿನಲ್ಲಿ ಇಳಿದರು.

ಈಗ ಹೆಸರಿನ ವಿಷಯಕ್ಕೆ ಬರೋಣ. ಆ ಕಾಲದ ಅಮೆರಿಕದಲ್ಲಿ ಆರ್ಮೇನಿಯನ್ ಎಂದರೆ ಚಂದಾ ಎತ್ತುವ ಭಿತ್ತಿಪತ್ರದ ಮೇಲಿನ ಮುಖ. ತಟ್ಟೆಯಲ್ಲಿ ಅನ್ನ ಬಿಟ್ಟ ಮಗುವಿಗೆ, ಅಲ್ಲಿ ಆರ್ಮೇನಿಯನರು ಉಪವಾಸವಿದ್ದಾರೆ, ತಿಂದು ಮುಗಿಸು ಎಂದು ತಾಯಂದಿರು ಹೇಳುತ್ತಿದ್ದರು. ಅದರಲ್ಲಿ ದಯೆ ಇರಲಿಲ್ಲವೆಂದಲ್ಲ. ಆದರೆ ತಾಯಿ ನಿಜಕ್ಕೂ ಉಪವಾಸದಿಂದ ಸತ್ತಿರುವ ಹುಡುಗನಿಗೆ ಆ ದಯೆ ಹೇಗೆ ತಾಗಿರಬೇಕು, ನೀವೇ ಯೋಚಿಸಿ. ಆತ ಬೇಡವೆಂದ. ತಾನು ರಷ್ಯನ್ ಎಂದ. ಆರ್ಷಿಲ್ ಗೋರ್ಕಿ ಎಂದು ಹೆಸರಿಟ್ಟುಕೊಂಡು, ಕಾದಂಬರಿಕಾರ ಮ್ಯಾಕ್ಸಿಂ ಗೋರ್ಕಿ ತನ್ನ ಬಂಧು ಎಂದು ಹೇಳಿಕೊಂಡ. ಇದರಲ್ಲಿ ಒಂದು ವಿನೋದವುಂಟು. ಗೋರ್ಕಿ ಎಂಬುದು ಆ ಕಾದಂಬರಿಕಾರನ ಮನೆತನದ ಹೆಸರೇ ಅಲ್ಲ. ಅವನು ಪೆಷ್ಕೋವ್ ವಂಶದವನು. ಗೋರ್ಕಿ ಎಂಬುದು ಆತ ಇಟ್ಟುಕೊಂಡ ಕಾವ್ಯನಾಮ, ರಷ್ಯನ್ ಭಾಷೆಯಲ್ಲಿ 'ಕಹಿ' ಎಂದರ್ಥ. ಹಾಗೆಂದ ಮೇಲೆ ನಮ್ಮ ಚಿತ್ರಕಾರ ಸಂಬಂಧ ಬೆಳೆಸಿದ್ದು ಒಂದು ಗುಣವಾಚಕದೊಡನೆ! ಪ್ಯಾರಿಸಿನಲ್ಲಿ ಕಲಿತು ಬಂದವನೆಂದೂ ಹೇಳಿಕೊಂಡ. ಪ್ಯಾರಿಸನ್ನು ಆತ ಕಣ್ಣಿನಿಂದ ಕಂಡವನಲ್ಲ. ತಂದೆ 1947ರವರೆಗೆ ಅದೇ ಅಮೆರಿಕದಲ್ಲಿ ಬದುಕಿದ್ದರೂ ಆ ಸುದ್ದಿಯನ್ನು ಯಾರಿಗೂ ಹೇಳಲಿಲ್ಲ. ಕೈಹಿಡಿದ ಹೆಂಡತಿಗೂ ಗಂಡನ ನಿಜವಾದ ಹೆಸರು ಆತ ಸತ್ತ ಮೇಲೆಯೇ ತಿಳಿಯಿತಂತೆ.

ಇವನ್ನು ಸುಳ್ಳು ಎಂದು ಕರೆದು ಮುಗಿಸಬಹುದು. ಹಲವರು ಹಾಗೆಯೇ ಮಾಡಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಬಾಯಿಂದ ಒಂದು ಕಥೆ ಕಟ್ಟಿಕೊಂಡು ಬೀದಿಯಲ್ಲಿ ತಿರುಗಾಡುತ್ತಿದ್ದ ಈ ಮನುಷ್ಯ, ನ್ಯೂಯಾರ್ಕಿನ ಯೂನಿಯನ್ ಸ್ಕ್ವೇರಿನ ತನ್ನ ಚಿತ್ರಶಾಲೆಯ ಬಾಗಿಲು ಹಾಕಿಕೊಂಡ ಮೇಲೆ ಆ ಛಾಯಾಚಿತ್ರದ ಮುಂದೆ ಕುಳಿತುಕೊಳ್ಳುತ್ತಿದ್ದ. ಅಲ್ಲಿ ಕಟ್ಟುಕಥೆ ನಡೆಯುತ್ತಿರಲಿಲ್ಲ.

ಪಟಗಳ ಕಡೆ ನೋಡೋಣ. ಛಾಯಾಚಿತ್ರದ ಭಂಗಿಯೇ ಇಲ್ಲಿಯೂ ಇದೆ. ಕಾಗದದ ಮೇಲೆ ಚೌಕುಳಿ ಗೆರೆ ಎಳೆದು, ಅಳತೆ ತಪ್ಪದಂತೆ ದೊಡ್ಡದು ಮಾಡಿದ್ದಾನೆ. ಬಣ್ಣಗಳು ಮಂದವಾದ ಕಂದು, ತೆಳುವಾದ ಗುಲಾಬಿ, ಕಾವಿ. ತಾಯಿಯ ಮುಖ ಬಿಳಿಚಿಕೊಂಡು, ಚಂದ್ರನ ಹಾಗೆ ನುಣುಪಾಗಿದೆ. ಕಣ್ಣುಗಳು ದೊಡ್ಡವು, ಕಪ್ಪು, ನಮ್ಮನ್ನು ನೋಡುತ್ತಿವೆ, ಆದರೆ ನಮ್ಮಲ್ಲಿ ನಿಲ್ಲುವುದಿಲ್ಲ. ವಾನ್ ಸರೋವರದ ನಡುವೆ ಅಖ್ತಮಾರ್ ಎಂಬ ದ್ವೀಪದಲ್ಲಿ ಹತ್ತನೆಯ ಶತಮಾನದ ಒಂದು ಇಗರ್ಜಿ ಇದೆ. ಅದರ ಹೊರಗೋಡೆಯ ತುಂಬ ಕಲ್ಲಿನಲ್ಲಿ ಕೊರೆದ ಸಂತರೂ ರಾಜರೂ ಪ್ರಾಣಿಗಳೂ ಸಾಲುಗಟ್ಟಿವೆ. ಆ ಸಂತರ ಕಣ್ಣುಗಳೂ ಹೀಗೆಯೇ, ಎದುರಿಗೆ ನೆಟ್ಟವು. ಹುಡುಗ ಬೆಳೆದದ್ದು ಅದರ ನೆರೆಯಲ್ಲಿ. ಆ ಶಿಲ್ಪಿಗಳು ಅವನ ಮೊದಲ ಗುರುಗಳೆಂದು ಅನೇಕ ವಿದ್ವಾಂಸರು ಹೇಳುವುದರಲ್ಲಿ ಹುರುಳಿದೆ.

ವಿಟ್ನಿಯ ಪಟದ ಮೈಯನ್ನು ನೋಡಿದರೆ ಪಿಂಗಾಣಿಯ ನೆನಪಾಗುತ್ತದೆ. ಅದು ಹಾಗಾದದ್ದು ಕುಂಚದಿಂದಲ್ಲ. ಬಣ್ಣ ಹಾಕುವುದು, ಒಣಗಲು ಬಿಡುವುದು, ಒಣಗಿದ ಮೇಲೆ ಕ್ಷೌರದ ಬ್ಲೇಡಿನಿಂದ ಹೆರೆಯುವುದು, ಸ್ನಾನದ ತೊಟ್ಟಿಯ ಮೇಲೆ ಹಿಡಿದು ಒದ್ದೆ ಬಟ್ಟೆಯಿಂದ ಒರೆಸುವುದು, ಮತ್ತೆ ಬಣ್ಣ ಹಾಕುವುದು. ಆತನ ಸ್ನೇಹಿತರೊಬ್ಬರು ಕಂಡು ಹೇಳಿದ ವಿವರ ಇದು. ವರ್ಷಗಟ್ಟಲೆ ಹೀಗೆ. ಹಾಕಿದ್ದರಲ್ಲಿ ಎಷ್ಟು ಉಳಿಯುತ್ತದೆಯೋ ಅಷ್ಟೇ ಚಿತ್ರ.

ಇನ್ನು ಎರಡು ಸಂಗತಿಗಳನ್ನು ಗಮನಿಸಿ. ಒಂದು, ತಾಯಿಯ ಕೈಗಳು. ಛಾಯಾಚಿತ್ರದಲ್ಲಿ ಬೆರಳು ಬೆರಳೂ ಸ್ಪಷ್ಟವಾಗಿವೆ. ಪಟದಲ್ಲಿ ಬೆರಳುಗಳಿಲ್ಲ; ಮಡಿಲ ಮೇಲೆ ಎರಡು ಬಿಳಿಯ ಮುದ್ದೆಗಳು, ಬಟ್ಟೆಯಲ್ಲಿ ಸುತ್ತಿದ ಹಾಗೆ. ಕೈ ಬರೆಯಲು ಬಾರದವನು ಎಂದುಕೊಳ್ಳಬೇಡಿ. ಆತನ ರೇಖೆಯ ಬಿಗುವನ್ನು ಒಪ್ಪದ ವಿಮರ್ಶಕನಿಲ್ಲ. ನ್ಯೂಯಾರ್ಕಿನ ಕಲಾಶಾಲೆಯಲ್ಲಿ ಚಿತ್ರ ಬರೆಯುವುದನ್ನು ಇತರರಿಗೆ ಕಲಿಸಿ ಹೊಟ್ಟೆ ಹೊರೆದವನು. ಎರಡನೆಯದು, ಏಪ್ರನ್. ಛಾಯಾಚಿತ್ರದಲ್ಲಿ ಅದರ ತುಂಬ ಹೂ, ಬಳ್ಳಿ. ಪಟದಲ್ಲಿ ಒಂದು ಹೂವೂ ಇಲ್ಲ. ಬರಿಯ ಬಣ್ಣದ ಬಯಲು.

ಇದೇಕೆ? ಅಪೂರ್ಣ ಎನ್ನುತ್ತಾರೆ ಕೆಲವರು. ಪಿಕಾಸೊ ಮೊದಲಾದವರ ಪ್ರಭಾವ, ವಿವರ ಬಿಟ್ಟು ಆಕಾರ ಹಿಡಿಯುವ ಹೊಸ ಪದ್ಧತಿ ಎನ್ನುತ್ತಾರೆ ಇನ್ನು ಕೆಲವರು. ಎರಡೂ ಸುಳ್ಳಲ್ಲ. ಗೋರ್ಕಿ ಸೆಜಾನನ ಹಾಗೆ ಬರೆದು, ಪಿಕಾಸೊನ ಹಾಗೆ ಬರೆದು, ಅವರ ಮನೆಯಲ್ಲಿ ಶಿಷ್ಯವೃತ್ತಿ ಮಾಡುವವನಂತೆ ಕಲಿತವನು. ಆದರೆ ನನಗೆ ತೋರುವುದು ಇದು: ನೆನಪಿನಲ್ಲಿ ಉಳಿದವರ ಮುಖ ಉಳಿಯುತ್ತದೆ, ಕೈ ಉಳಿಯುವುದಿಲ್ಲ. ಆ ಕೈ ಹಿಟ್ಟು ನಾದಿದ್ದು, ತಲೆ ಬಾಚಿದ್ದು ನೆನಪಿರುತ್ತದೆ; ಅದರ ಆಕಾರ ಮಾತ್ರ ಕೈಗೆ ಸಿಕ್ಕುವುದಿಲ್ಲ. ಛಾಯಾಚಿತ್ರದಲ್ಲಿ ಇದ್ದದ್ದನ್ನು ಇದ್ದಂತೆ ಇಳಿಸಿಬಿಡುವುದು ಗೋರ್ಕಿಗೆ ಒಂದು ವಾರದ ಕೆಲಸ. ಆತ ಅದನ್ನು ಮಾಡಲಿಲ್ಲ. ತನ್ನಲ್ಲಿ ಎಷ್ಟು ಉಳಿದಿದೆಯೋ ಅಷ್ಟನ್ನು ಮಾತ್ರ ಉಳಿಸಿ, ಉಳಿದದ್ದನ್ನು ಹೆರೆದು ಹಾಕಿದ. ಊರು ಕಳೆದುಕೊಂಡವರ ಚಿತ್ರಗಳಲ್ಲಿ ಸಾಮಾನ್ಯವಾಗಿ ಕಾಣುವುದು ಊರು: ಮನೆ, ಬೆಟ್ಟ, ಹೊಳೆ, ಬಣ್ಣದ ಉಡುಪು. ಇಲ್ಲಿ ಕಾಣುವುದು ಅದು ಅಳಿಸಿಹೋಗುತ್ತಿರುವ ಬಗೆ. ಅದನ್ನು ಬರೆಯುವುದಕ್ಕೆ ಹೆಚ್ಚು ಎದೆಗಾರಿಕೆ ಬೇಕು.

ನಾನು ಹೀಗೆಲ್ಲ ಹೇಳುವಾಗ ಒಂದು ಎಚ್ಚರಿಕೆಯನ್ನೂ ಕೊಡಬೇಕು. ಗೋರ್ಕಿ ಸತ್ತ ಮೇಲೆ ಆತನ ತಂಗಿಯ ಮಗ ಆತನ ಪತ್ರಗಳೆಂದು ಅನೇಕ ಬರಹಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದ. ಅವುಗಳ ತುಂಬ ಆರ್ಮೇನಿಯದ ಹಂಬಲ, ತಾಯ್ನೆಲದ ಸ್ತುತಿ, ಕಲೆಯ ಬಗ್ಗೆ ದೊಡ್ಡ ದೊಡ್ಡ ಮಾತು. ಎಷ್ಟೋ ವರ್ಷ ಎಲ್ಲರೂ ಅವನ್ನು ಎತ್ತಿ ಹೇಳಿದರು. ಆಮೇಲೆ ಜೀವನಚರಿತ್ರೆ ಬರೆಯಹೊರಟವರು ಮೂಲಪತ್ರಗಳನ್ನು ಹುಡುಕಿದಾಗ, ಅವುಗಳಲ್ಲಿ ಬಹಳಷ್ಟಕ್ಕೆ ಮೂಲವೇ ಇಲ್ಲವೆಂದು ತಿಳಿಯಿತು. ಸೋದರಳಿಯನೇ ಮಾವನ ಬಾಯಿಗೆ ಮಾತು ತುಂಬಿದ್ದ. ಪ್ರೀತಿಯಿಂದಲೇ ಮಾಡಿದ್ದಿರಬಹುದು. ಬದುಕಿದ್ದಾಗ ತನ್ನ ಊರಿನ ಹೆಸರೆತ್ತದ ಮನುಷ್ಯನನ್ನು ಸತ್ತ ಮೇಲೆ ಊರಿನ ವಕ್ತಾರನನ್ನಾಗಿ ಮಾಡಿದಂತಾಯಿತು. ಆದ್ದರಿಂದ ಗೋರ್ಕಿ ಹೀಗೆ ಹೇಳಿದ ಎಂದು ಯಾರಾದರೂ ಸೊಗಸಾದ ವಾಕ್ಯವನ್ನು ಮುಂದೆ ಹಿಡಿದರೆ ಸ್ವಲ್ಪ ತಡೆದು ನಂಬಿ. ಪಟಗಳನ್ನು ನಂಬಬಹುದು.

ಖಚಿತವಾಗಿ ಆತನದೇ ಆದ ಒಂದು ಬರಹವಿದೆ. 1942ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಆತನ 'ಸೋಚಿಯ ತೋಟ' ಎಂಬ ಪಟವನ್ನು ಕೊಂಡಾಗ, ಅದರ ವಿವರ ಕೇಳಿತು. ಗೋರ್ಕಿ ತಂದೆಯ ಮನೆಯ ಬಳಿಯ ಒಂದು ತೋಟವನ್ನು ವರ್ಣಿಸಿದ. ಹಣ್ಣು ಬಿಡುವುದನ್ನು ನಿಲ್ಲಿಸಿದ್ದ ಕೆಲವು ಸೇಬಿನ ಮರಗಳು, ಸದಾ ನೆರಳು, ಪಾಚಿಯ ನಡುವೆ ಹುದುಗಿದ ಒಂದು ನೀಲಿ ಬಂಡೆ, ಅದರಾಚೆ ಎಲೆ ಕಳಚಿ ಬಿಳಿಚಿದ ಒಂದು ದೊಡ್ಡ ಮರ. ದಾರಿಯಲ್ಲಿ ಹೋಗುವವರು ತಮ್ಮ ಬಟ್ಟೆಯ ಅಂಚನ್ನು ಹರಿದು ಆ ಮರಕ್ಕೆ ಕಟ್ಟಿ ಹೋಗುತ್ತಿದ್ದರು, ಕೋರಿಕೆ ಈಡೇರಲೆಂದು. ಹರಕೆಯ ಮರಕ್ಕೆ ದಾರ ಕಟ್ಟುವುದನ್ನು ಕಂಡ ನಮಗೆ ಇದಕ್ಕೆ ಟಿಪ್ಪಣಿ ಬೇಡ. ಗಾಳಿ ಬೀಸಿದಾಗ ಆ ಚಿಂದಿಗಳೆಲ್ಲ ಪಟಪಟನೆ ಹಾರುತ್ತಿದ್ದುದನ್ನು ಆತ ಮರೆತಿರಲಿಲ್ಲ. ಪಟದಲ್ಲಿ ತೋಟ ಎಂದು ಗುರುತಿಸುವಂಥದು ಏನೂ ಇಲ್ಲ. ಬಣ್ಣದ ಹಿನ್ನೆಲೆಯ ಮೇಲೆ ತೇಲುವ ಆಕಾರಗಳು, ನಡುವೆ ಪಾದರಕ್ಷೆಯಂತೆ ಕಾಣುವ ಒಂದು ರೂಪ. ಅಲ್ಲಲ್ಲಿ ಹಾರಾಡುವ ತುಣುಕುಗಳನ್ನು ಮಾತ್ರ ಈಗ ನೀವು ಗುರುತು ಹಿಡಿಯಬಲ್ಲಿರಿ. ಆದರೆ ಸೋಚಿ ಎಂಬುದು ಕಪ್ಪು ಸಮುದ್ರದ ದಂಡೆಯಲ್ಲಿರುವ ರಷ್ಯದ ಊರು, ತೋಟವಿದ್ದದ್ದು ಖೋರ್ಕೋಮಿನಲ್ಲಿ! ತಾನು ರಷ್ಯನ್ ಎಂದು ಹೇಳಿಕೊಂಡ ಮೇಲೆ ತೋಟವೂ ರಷ್ಯಕ್ಕೆ ಹೋಗಬೇಕಾಯಿತು. ಮನುಷ್ಯ ಮಾತ್ರವಲ್ಲ, ಮರಗಳೂ ಊರು ಬಿಟ್ಟುವು.

ಪ್ರದರ್ಶನಗಳ ಚರಿತ್ರೆಯನ್ನು ಈ ದೃಷ್ಟಿಯಿಂದ ನೋಡಿದರೆ ಕುತೂಹಲವಾಗುತ್ತದೆ. 1945ರಲ್ಲಿ ನ್ಯೂಯಾರ್ಕಿನ ಜೂಲಿಯನ್ ಲೆವಿ ಚಿತ್ರಶಾಲೆಯಲ್ಲಿ ನಡೆದ ಪ್ರದರ್ಶನಕ್ಕೆ ಫ್ರೆಂಚ್ ಕವಿ ಆಂದ್ರೆ ಬ್ರೆತೋನ್ ಮುನ್ನುಡಿ ಬರೆದು, ಆತನನ್ನು ತಮ್ಮ ಸರ್ರಿಯಲಿಸ್ಟ್ ಪಂಥಕ್ಕೆ ಸೇರಿಸಿಕೊಂಡ. 1951ರಲ್ಲಿ ವಿಟ್ನಿ ಸಂಗ್ರಹಾಲಯವೂ 1962ರಲ್ಲಿ ಆಧುನಿಕ ಕಲಾ ಸಂಗ್ರಹಾಲಯವೂ ಸ್ಮಾರಕ ಪ್ರದರ್ಶನಗಳನ್ನು ಏರ್ಪಡಿಸಿದುವು. ಅಮೆರಿಕದ ಹೊಸ ಚಿತ್ರಕಲೆಗೆ ದಾರಿ ಮಾಡಿಕೊಟ್ಟವನು ಎಂಬುದು ಆ ಕಾಲದ ಮುಖ್ಯ ಮಾತು. ಅದರಲ್ಲಿ ತಪ್ಪೇನಿಲ್ಲ. ಹಾಲೆಂಡಿನಿಂದ ಕಳ್ಳದಾರಿಯಲ್ಲಿ ಹಡಗು ಹತ್ತಿ ಬಂದ ವಿಲಿಯಂ ಡ ಕೂನಿಂಗ್, ತಾನು ಬಂದದ್ದು ಗೋರ್ಕಿಯ ಚಿತ್ರಶಾಲೆಯಿಂದ ಎಂದು ಎದೆತಟ್ಟಿ ಒಪ್ಪಿಕೊಂಡವನು. ಆದರೆ ಬಹುಕಾಲ ವಿಮರ್ಶಕರು ಆಕಾರ, ರೇಖೆ, ಪಂಥಗಳನ್ನೇ ಅಳೆಯುತ್ತಿದ್ದರು. ಫಿಲಡೆಲ್ಫಿಯದ ಪ್ರದರ್ಶನವನ್ನು ಏರ್ಪಡಿಸಿದ ಮೈಕೇಲ್ ಟೇಲರ್, ಆ ನಡುವೆ ಪ್ರಕಟವಾಗಿದ್ದ ಹೊಸ ಜೀವನಚರಿತ್ರೆಗಳ ಬಲದಿಂದ, 1915ರ ಘಟನೆಗಳನ್ನು ಚಿತ್ರಗಳ ಮಗ್ಗುಲಲ್ಲಿಯೇ ನಿಲ್ಲಿಸಿದ. ತಾಯಿ ಮಗನ ಎರಡು ಪಟಗಳೂ ಅಲ್ಲಿ ಒಂದೆಡೆ ಸೇರಿದುವು.

ಕೊನೆಯ ವರ್ಷಗಳನ್ನು ಚಿಕ್ಕದಾಗಿ ಹೇಳುತ್ತೇನೆ. ಅವುಗಳ ಮೇಲೆ ಬೇಕಾದಷ್ಟು ಜನ ಕಣ್ಣೀರು ಸುರಿಸಿದ್ದಾರೆ. 1946ರ ಜನವರಿಯಲ್ಲಿ ಕನೆಟಿಕಟ್ಟಿನ ಆತನ ಚಿತ್ರಶಾಲೆಗೆ ಬೆಂಕಿ ಬಿದ್ದು ಅನೇಕ ಪಟಗಳು ಸುಟ್ಟವು. ಕೆಲವೇ ವಾರಗಳಲ್ಲಿ ಅರ್ಬುದರೋಗಕ್ಕೆ ಶಸ್ತ್ರಚಿಕಿತ್ಸೆ. 1948ರ ಜೂನಿನಲ್ಲಿ ಮೋಟಾರು ಅಪಘಾತ. ಕುತ್ತಿಗೆಯ ಮೂಳೆ ಮುರಿದು, ಚಿತ್ರ ಬರೆಯುವ ಕೈ ಕೆಲಕಾಲ ಸ್ವಾಧೀನ ತಪ್ಪಿತು. ಹೆಂಡತಿ ಮಕ್ಕಳನ್ನು ಕರೆದುಕೊಂಡು ಬೇರೆ ಹೋದಳು. ಜುಲೈ 21ರಂದು ಆತ ಆತ್ಮಹತ್ಯೆ ಮಾಡಿಕೊಂಡ.

ಇದಕ್ಕೆ ನಾಲ್ಕು ವರ್ಷ ಮುಂಚಿನ ಒಂದು ಪಟವನ್ನು ಹೇಳದೆ ಬಿಡುವಂತಿಲ್ಲ. ಅದು ಈಗ ಅಮೆರಿಕದ ಪಶ್ಚಿಮ ತೀರದ ಸಿಯಾಟಲ್ ನಗರದ ಸಂಗ್ರಹಾಲಯದಲ್ಲಿದೆ. ಹೆಸರು ಉದ್ದ: 'ನನ್ನ ತಾಯಿಯ ಕಸೂತಿ ಏಪ್ರನ್ ನನ್ನ ಬಾಳಿನಲ್ಲಿ ಹೇಗೆ ಬಿಚ್ಚಿಕೊಳ್ಳುತ್ತದೆ.' ಆ ದಿನಗಳಲ್ಲಿ ಆತ ಹೆಂಡತಿಯ ತಂದೆತಾಯಿಗಳ ವರ್ಜೀನಿಯದ ಜಮೀನಿಗೆ ಹೋಗಿ, ಹುಲ್ಲಿನ ನಡುವೆ ಕುಳಿತು ಗಿಡ, ಬೀಜ, ಹೂಗಳನ್ನು ಹತ್ತಿರದಿಂದ ನೋಡಿ ಬರೆಯುತ್ತಿದ್ದ. ಬಹಳ ವರ್ಷಗಳ ಮೇಲೆ ಮತ್ತೆ ಹೊಲದ ವಾಸನೆ ಸಿಕ್ಕಿತ್ತು. ಬಣ್ಣಕ್ಕೆ ಟರ್ಪೆಂಟೈನ್ ಧಾರಾಳವಾಗಿ ಬೆರೆಸಿ ನೀರಿನಂತೆ ತೆಳುಮಾಡಿದ್ದಾನೆ. ಅದು ಪಟದ ಮೇಲೆ ಹರಿದು, ಇಳಿದು, ಒಂದರೊಳಗೊಂದು ಸೇರಿದೆ. ಹೆರೆಯುವುದು, ಒರೆಸುವುದು ಇಲ್ಲಿಲ್ಲ. ಅಲ್ಲಿ ತಾಯಿಯೂ ಇಲ್ಲ, ಮಗನೂ ಇಲ್ಲ. ಇದ್ದರೆ ಹೂಗಳಿವೆ, ಮೊದಲ ಎರಡು ಪಟಗಳ ಏಪ್ರನ್ನಿನ ಮೇಲೆ ಇರಬೇಕಾಗಿದ್ದ ಹೂಗಳು. ಹೆಸರಿಡುವ ಕೆಲಸದಲ್ಲಿ ಆ ಕಾಲದಲ್ಲಿ ಬ್ರೆತೋನನೂ ಕೈಗೂಡಿಸುತ್ತಿದ್ದನೆಂಬುದು ನಿಜ. ಆದರೆ ಏಪ್ರನ್ನನ್ನು ಕಂಡಿದ್ದವನು ಗೋರ್ಕಿಯೊಬ್ಬನೇ.

ವಾನ್ ಸರೋವರದ ದಂಡೆ ಇಂದು ತುರ್ಕಿ ದೇಶದಲ್ಲಿದೆ. ಖೋರ್ಕೋಮಿಗೆ ಈಗ ಬೇರೆ ಹೆಸರು. ಅಖ್ತಮಾರ್ ದ್ವೀಪದ ಇಗರ್ಜಿಯನ್ನು ತುರ್ಕಿ ಸರ್ಕಾರವೇ ದುರಸ್ತಿ ಮಾಡಿಸಿ 2007ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. 2010ರ ಸೆಪ್ಟೆಂಬರಿನಲ್ಲಿ, ಗೋರ್ಕಿಯ ಪಟಗಳು ಲಾಸ್ ಏಂಜಲೀಸಿನ ಗೋಡೆಗಳ ಮೇಲೆ ಇನ್ನೂ ಇದ್ದ ದಿನಗಳಲ್ಲಿಯೇ, 95 ವರ್ಷಗಳ ತರುವಾಯ ಅಲ್ಲಿ ಮೊದಲ ಸಲ ಪೂಜೆ ನಡೆಯಿತು. ದೂರ ದೂರದ ದೇಶಗಳಿಂದ ಬಂದ ಆರ್ಮೇನಿಯನರು ದೋಣಿ ಹತ್ತಿ ದ್ವೀಪಕ್ಕೆ ಹೋದರು. ಇಗರ್ಜಿ ಚಿಕ್ಕದು, ಒಳಗೆ ಸ್ಥಳ ಸಾಲದೆ ಬಹಳ ಜನ ಹೊರಗೆ, ಆ ಕಲ್ಲಿನ ಸಂತರ ಕೆಳಗೆ ನಿಂತಿದ್ದರು.